ತಾಳಿ ಕಟ್ಟೋದಕ್ಕೂ ಕೂಲಿನಾ ಅಂತ ಕೇಳಿದ ಕೈಲಾಸಂ

ರಾಜಗೋಪಾಲನಗರ: ನಮ್ಮ ಏರಿಯಾದಲ್ಲಿ ಕೂಲಿ ಅನ್ನೋ ಪದಕ್ಕೆ ಅರ್ಥ ಹೇಳಿಕೊಡಬೇಕಾಗಿಲ್ಲ. ಪೀಣ್ಯದ ಶೆಡ್ಡುಗಳಲ್ಲಿ ಲೇಥ್ ಮುಂದೆ ನಿಂತವರಿಗೂ, ಲಾರಿಯಿಂದ ಮೂಟೆ ಇಳಿಸುವವರಿಗೂ, ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಹಾಕುವ ಹೆಣ್ಣುಮಕ್ಕಳಿಗೂ ಅದು ಚೆನ್ನಾಗಿ ಗೊತ್ತು. ಮೈ ಬಗ್ಗಿಸಿ ದುಡಿದರೆ ಕೂಲಿ. ಆದರೆ ಒಬ್ಬ ಗಂಡಸು ಹೆಣ್ಣಿನ ಕೊರಳಿಗೆ ಮೂರು ಗಂಟು ಹಾಕೋದಕ್ಕೂ ಕೂಲಿ ಕೇಳಬಹುದಾ? ಈ ಪ್ರಶ್ನೆಯನ್ನೇ ನಾಟಕದ ಹೆಸರನ್ನಾಗಿ ಇಟ್ಟು, ಜನರನ್ನು ನಗಿಸಿ, ನಗುವಾಗಲೇ ನಾಚುವಂತೆ ಮಾಡಿದವರು ಟಿ.ಪಿ. ಕೈಲಾಸಂ. 'ತಾಳಿ ಕಟ್ಟೋಕ್ಕೂಲೀನೇ' ಅನ್ನೋದು ಆ ನಾಟಕದ ಹೆಸರು. ವರದಕ್ಷಿಣೆಯ ಮೇಲೆ ಇಷ್ಟು ಚಿಕ್ಕದಾಗಿ, ಇಷ್ಟು ಚುರುಕಾಗಿ ಕನ್ನಡದಲ್ಲಿ ಯಾರೂ ಏಟು ಕೊಟ್ಟಿರಲಿಲ್ಲ.

ಗಂಡ-ಹೆಂಡಿರ ಜಗಳ, ಬಡಾಯಿ ಗಂಡ, ಬೇಸತ್ತ ಹೆಂಡತಿ, ಹೊರಗೊಂದು ಒಳಗೊಂದು ನಡೆಯುವ ಮನೆ. ಇವತ್ತು ಟೀವಿ ಸೀರಿಯಲ್ಲು, ಮೊಬೈಲ್ ಕಾಮಿಡಿ ಎಲ್ಲವೂ ಈ ಸರಕಿನ ಮೇಲೇ ನಡೀತಿವೆ. ನೂರು ವರ್ಷದ ಹಿಂದೆ ಈ ಸರಕನ್ನು ಕನ್ನಡದ ರಂಗದ ಮೇಲೆ, ಅದೂ ಮನೆಯಲ್ಲಿ ಆಡುವ ಮಾತಿನಲ್ಲೇ ತಂದವರ ಜೀವನ ಹೇಗಿತ್ತು ಅಂತ ನೋಡಿದರೆ, ಅದೂ ಒಂದು ನಾಟಕದ ಹಾಗೇ ಇದೆ. ನಗು ಜಾಸ್ತಿ, ನೋವೂ ಕಡಿಮೆ ಏನಲ್ಲ.

ಜಡ್ಜ್ ಮನೆಯ ಹುಡುಗ

ತ್ಯಾಗರಾಜ ಪರಮಶಿವ ಕೈಲಾಸಂ ಹುಟ್ಟಿದ್ದು 1884ರ ಜುಲೈ 29ರಂದು. ಮನೆಮಾತು ತಮಿಳು. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರು. ಬರೀ ಕೋರ್ಟಿನ ಮನುಷ್ಯ ಅಲ್ಲ. ಋಗ್ವೇದದ ಮೇಲೆ, ರಾಮಾಯಣದ ಲಂಕೆ ಎಲ್ಲಿತ್ತು ಅನ್ನುವುದರ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದ ಪಂಡಿತರು. ತಾಯಿ ಕಮಲಮ್ಮ. ಮನೆಯಲ್ಲಿ ಓದು, ಶಿಸ್ತು, ಹೆಸರು, ಹಣ ಎಲ್ಲವೂ ಇತ್ತು. ಅಂಥ ಮನೆಯ ಮಗ ದೊಡ್ಡ ಆಫೀಸರ್ ಆಗಬೇಕು ಅಂತ ಎಲ್ಲರೂ ಅಂದುಕೊಳ್ಳೋದು ಸಹಜ.

ಹುಡುಗ ಓದಿನಲ್ಲೂ ಕಡಿಮೆ ಇರಲಿಲ್ಲ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೂವಿಜ್ಞಾನ ಓದಿದರು. ಅಲ್ಲಿಂದ ಸ್ಕಾಲರ್‌ಶಿಪ್ ಮೇಲೆ ಲಂಡನ್ನಿಗೆ, ರಾಯಲ್ ಕಾಲೇಜ್ ಆಫ್ ಸೈನ್ಸ್‌ಗೆ ಹೋದರು. ಕಲ್ಲು, ಮಣ್ಣು, ಖನಿಜ ನೋಡಿ ಗುರುತಿಸುವ ವಿದ್ಯೆ ಅದು. ಕೋಲಾರದಲ್ಲಿ ಚಿನ್ನ ತೆಗೆಯುತ್ತಿದ್ದ ಮೈಸೂರು ಸಂಸ್ಥಾನಕ್ಕೆ ಅಂಥವರು ಬೇಕೇ ಬೇಕಾಗಿತ್ತು.

ಆದರೆ ಲಂಡನ್ನಿನಲ್ಲಿ ಕೈಲಾಸಂ ಕಲ್ಲಿಗಿಂತ ಜಾಸ್ತಿ ನೋಡಿದ್ದು ನಾಟಕ. ಆಗ ಅಲ್ಲಿನ ರಂಗಭೂಮಿಯಲ್ಲಿ ದೊಡ್ಡ ಗಲಾಟೆ ನಡೀತಿತ್ತು. ನಾರ್ವೆಯ ಇಬ್ಸನ್ 1879ರಲ್ಲಿ ಬರೆದ ಬೊಂಬೆ ಮನೆಯ ನಾಟಕದಲ್ಲಿ ಹೆಂಡತಿ ಗಂಡನನ್ನು ಬಿಟ್ಟು ಬಾಗಿಲು ಹಾಕಿಕೊಂಡು ಹೊರಟಿದ್ದು ಯೂರೋಪಿನ ಮನೆಮನೆಯಲ್ಲೂ ಚರ್ಚೆಗೆ ಬಂದಿತ್ತು. ಬರ್ನಾರ್ಡ್ ಶಾ ಮದುವೆ ಅನ್ನೋದನ್ನೇ ಎದುರಿಗೆ ಕೂರಿಸಿಕೊಂಡು ಪಾಟೀಸವಾಲು ಹಾಕುವ ಪ್ರಹಸನಗಳನ್ನು ಬರೀತಿದ್ದರು. ರಾಜ ರಾಣಿ ಇಲ್ಲ, ದೇವರು ಇಲ್ಲ, ಯುದ್ಧ ಇಲ್ಲ. ಒಂದು ಮನೆ, ನಾಲ್ಕು ಕುರ್ಚಿ, ಮಾತು. ಅಷ್ಟರಲ್ಲೇ ನಾಟಕ ಆಗುತ್ತೆ ಅನ್ನೋದು ಕೈಲಾಸಂ ತಲೆಯೊಳಗೆ ಹೊಕ್ಕಿತು. ಲಂಡನ್ನಿನ ಮ್ಯೂಸಿಕ್ ಹಾಲ್‌ಗಳ ತಮಾಷೆ ಹಾಡುಗಳೂ ನಾಲಿಗೆ ಮೇಲೆ ಕೂತವು.

ಕೆಲಸ ಬಿಟ್ಟ ಆಫೀಸರ್

ವಾಪಸ್ ಬಂದ ಮೇಲೆ ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿ ಕೆಲಸ ಆಯಿತು. ಸಂಬಳ, ಪದವಿ ಎರಡೂ ಇದ್ದ ಕೆಲಸ. ಕೈಲಾಸಂ ಅದರಲ್ಲಿ ಬಹಳ ವರ್ಷ ನಿಲ್ಲಲಿಲ್ಲ. ಬಿಟ್ಟು ಬಂದರು. ಇವತ್ತಿನ ಲೆಕ್ಕದಲ್ಲಿ ಹೇಳೋದಾದರೆ, ವಿದೇಶದಲ್ಲಿ ಓದಿ ಬಂದ ಮಗ ಸರ್ಕಾರಿ ನೌಕರಿಗೆ ಕೈಮುಗಿದು ನಾಟಕ ಬರೀತೀನಿ ಅಂತ ಕೂತ ಹಾಗೆ. ತಂದೆಗೆ ಹೇಗಾಗಿರಬೇಡ ಅಂತ ಮಕ್ಕಳನ್ನು ಓದಿಸುತ್ತಿರುವ ಪ್ರತಿಯೊಬ್ಬರೂ ಊಹಿಸಬಹುದು.

ತಮಾಷೆ ಅಂದರೆ ಕೈಲಾಸಂಗೆ ಹೆಸರು ತಂದ ಮೊದಲ ನಾಟಕವೇ ಈ ವಿಷಯದ್ದು. 1918ರ 'ಟೊಳ್ಳುಗಟ್ಟಿ'. ಒಂದೇ ಮನೆಯ ಇಬ್ಬರು ಮಕ್ಕಳು, ಪುಟ್ಟು ಮತ್ತು ಮಾಧು. ಪುಟ್ಟು ಪರೀಕ್ಷೆಗಳನ್ನೆಲ್ಲ ಪಾಸು ಮಾಡುವವನು, ಅಪ್ಪನ ಮುದ್ದಿನ ಮಗ. ಮಾಧು ಪರೀಕ್ಷೆಯಲ್ಲಿ ಗೋತಾ ಹೊಡೆಯುವವನು, ಅಪ್ಪನಿಗೆ ಅವನನ್ನು ಕಂಡರೆ ಬೇಸರ. ಆದರೆ ಮನೆಗೆ ಕಷ್ಟ ಬಂದಾಗ ಹೆಗಲು ಕೊಡುವವನು ಯಾರು? ಯಾವನು ಟೊಳ್ಳು, ಯಾವನು ಗಟ್ಟಿ? ಮಾರ್ಕ್ಸ್ ಕಾರ್ಡ್ ನೋಡಿ ಮಕ್ಕಳನ್ನು ಅಳೆಯುವ ಅಪ್ಪ ಅಮ್ಮಂದಿರ ಮುಂದೆ ಈ ಪ್ರಶ್ನೆ ಇವತ್ತು ಇಟ್ಟರೂ ಅಷ್ಟೇ ಖಾರವಾಗಿರುತ್ತೆ.

ಕಂಪನಿ ನಾಟಕದ ಕಾಲ

ಕೈಲಾಸಂ ಮಾಡಿದ್ದು ಎಷ್ಟು ಹೊಸದು ಅಂತ ಗೊತ್ತಾಗಬೇಕಾದರೆ ಆಗ ನಾಟಕ ಅಂದರೆ ಏನು ಅಂತ ತಿಳಿದಿರಬೇಕು. ನಮ್ಮ ತುಮಕೂರು ರೋಡಿನಲ್ಲೇ ಮುಂದೆ ಹೋಗಿ, ತುಮಕೂರು ದಾಟಿದರೆ ಸಿಗೋದು ಗುಬ್ಬಿ. ಅಲ್ಲಿ ನಾಟಕ ಕಂಪನಿ ಶುರುವಾದದ್ದು 1884ರಲ್ಲಿ, ಅಂದರೆ ಕೈಲಾಸಂ ಹುಟ್ಟಿದ ವರ್ಷವೇ. ಮುಂದೆ ಗುಬ್ಬಿ ವೀರಣ್ಣ ಅದನ್ನು ನಾಡಿಗೇ ದೊಡ್ಡ ಕಂಪನಿ ಮಾಡಿದರು. ಮೈಸೂರಿನಲ್ಲಿ ಎ.ವಿ. ವರದಾಚಾರ್ಯರ ರತ್ನಾವಳಿ ಕಂಪನಿ ಇತ್ತು. ರಾಮಾಯಣ, ಮಹಾಭಾರತ, ರಾಜಕುಮಾರಿಯರ ಕಥೆ. ಮಿನುಗುವ ಪರದೆ, ಝರಿ ಬಟ್ಟೆ, ರಾತ್ರಿಯೆಲ್ಲ ಹಾಡು. ಪಾತ್ರಗಳು ಆಡುತ್ತಿದ್ದದ್ದು ಗ್ರಂಥದ ಕನ್ನಡ.

ಆ ನಾಟಕಗಳಲ್ಲೂ ಮದುವೆ ಇತ್ತು, ಹೆಂಡತಿಯ ಪಾತಿವ್ರತ್ಯದ ಪರೀಕ್ಷೆ ಇತ್ತು. 'ಸದಾರಮೆ'ಯಲ್ಲಿ ವೀರಣ್ಣನವರ ಕಳ್ಳನ ಪಾತ್ರ ನೋಡೋಕೆ ಜನ ಗಾಡಿ ಕಟ್ಟಿಕೊಂಡು ಬರ್ತಿದ್ದರು. ಆದರೆ ಅಲ್ಲಿ ಹೆಂಡತಿ ಅಂದರೆ ರಾಣಿ, ಗಂಡ ಅಂದರೆ ರಾಜ. ಬೆಂಗಳೂರಿನ ಓಣಿಯ ಲಾಯರ್ ಮನೆಯ ಅಡುಗೆಮನೆ ರಂಗದ ಮೇಲೆ ಬಂದಿರಲಿಲ್ಲ. ಮನೆಯ ಯಜಮಾನ ಹಾಲ್‌ನಲ್ಲಿ ಕೂತು ಇಂಗ್ಲಿಷ್ ಬೆರೆಸಿ ಜಂಬ ಕೊಚ್ಚುವುದು, ಒಳಗಿಂದ ಹೆಂಡತಿ ಪಾತ್ರೆ ಕುಕ್ಕುವುದು, ಇದೂ ನಾಟಕ ಆಗಬಹುದು ಅಂತ ಯಾರಿಗೂ ತೋಚಿರಲಿಲ್ಲ.

ಕೈಲಾಸಂ ಅದನ್ನೇ ತಂದರು. ಕಂಪನಿಗಳ ಮೂಲಕ ಅಲ್ಲ, ಹವ್ಯಾಸಿ ತಂಡಗಳ ಮೂಲಕ. ಬೆಂಗಳೂರಿನಲ್ಲಿ 1909ರಲ್ಲೇ ಶುರುವಾಗಿದ್ದ ಎ.ಡಿ.ಎ. ಅನ್ನೋ ಹವ್ಯಾಸಿ ನಾಟಕ ಸಂಘ ಇತ್ತು. ಆಫೀಸಿಗೆ ಹೋಗುವವರು, ಕಾಲೇಜು ಹುಡುಗರು ಸಂಜೆ ಸೇರಿ ಆಡುವ ನಾಟಕಕ್ಕೆ ಝರಿ ಬಟ್ಟೆ ಬೇಕಾಗಿರಲಿಲ್ಲ. ಮನೆಯ ಪಂಚೆ, ಕೋಟು, ಪೇಟ ಸಾಕಾಗಿತ್ತು. ಕೈಲಾಸಂ ನಾಟಕಗಳು ಅವರಿಗೆ ಹೇಳಿ ಮಾಡಿಸಿದ ಹಾಗಿದ್ದವು.

ಇನ್ನೊಂದು ನಂಟು ವ್ಯಾಯಾಮ ಶಾಲೆಯದು. ದೇಹದಾರ್ಢ್ಯದಲ್ಲಿ ದೇಶಕ್ಕೇ ಹೆಸರಾಗಿದ್ದ ಕೆ.ವಿ. ಅಯ್ಯರ್ ಕೈಲಾಸಂ ಅವರ ಆಪ್ತ ಗೆಳೆಯರು. 'ಶಾಂತಲಾ', 'ರೂಪದರ್ಶಿ' ಕಾದಂಬರಿ ಬರೆದವರೂ ಅವರೇ. ಅವರ ಗರಡಿಯಲ್ಲಿ ಬೆಳಿಗ್ಗೆ ಮೈ ಹುರಿಗಟ್ಟಿಸುತ್ತಿದ್ದ ಹುಡುಗರೇ ಸಂಜೆ ನಾಟಕಕ್ಕೂ ಸಿಗ್ತಿದ್ದರು. ಅಯ್ಯರ್ ಕಟ್ಟಿದ ರವಿ ಕಲಾವಿದರು ತಂಡ ಕೈಲಾಸಂ ನಾಟಕಗಳನ್ನು ಆಡಿತು. ಕೈಲಾಸಂ ತಾವೂ ಗಟ್ಟಿ ಮೈಕಟ್ಟಿನ ಮನುಷ್ಯ, ಕಸರತ್ತು ಮಾಡಿದವರು. ಆ ಮೈಯನ್ನು ಆಮೇಲೆ ಅವರೇ ಹಾಳು ಮಾಡಿಕೊಂಡರು ಅನ್ನೋದು ಬೇರೆ ಮಾತು.

ಹೆಸರಿನಲ್ಲೇ ನಾಟಕ

ಕೈಲಾಸಂ ನಾಟಕಗಳ ಹೆಸರು ಓದಿದರೇ ಅರ್ಧ ನಾಟಕ ನೋಡಿದ ಹಾಗೆ. ಅನಿ ಬೆಸೆಂಟ್ 1916ರಲ್ಲಿ ಹೋಂ ರೂಲ್ ಚಳವಳಿ ಶುರು ಮಾಡಿ, ದೇಶಕ್ಕೆ ಸ್ವಂತ ಆಡಳಿತ ಬೇಕು ಅಂತ ಊರೂರಲ್ಲಿ ಸಭೆ ನಡೀತಿದ್ದ ಕಾಲ. ಕೈಲಾಸಂ ಆ ಪದವನ್ನು ಎತ್ತಿಕೊಂಡು 'ಹೋಂರೂಲು' ಅಂತ ನಾಟಕ ಮಾಡಿದರು. ದೇಶದ ಆಡಳಿತ ಇರಲಿ, ಮನೆಯೊಳಗೆ ಯಾರ ಆಡಳಿತ ಅನ್ನೋ ಗುದ್ದು ಆ ಹೆಸರಿನಲ್ಲೇ ಇದೆ.

'ಅಮ್ಮಾವ್ರ ಗಂಡ' ಇನ್ನೊಂದು. ಹೆಂಡತಿ ಅಂದರೆ ಇಂಥವರ ಮನೆಯವರು ಅಂತ ಗುರುತಿಸುತ್ತಿದ್ದ ಕಾಲದಲ್ಲಿ, ಗಂಡನನ್ನು ಹೆಂಡತಿಯ ಹೆಸರಿನಿಂದ ಗುರುತಿಸುವ ತಮಾಷೆ. 'ಗಂಡಸ್ಕತ್ರಿ' ಅನ್ನೋದು ಮತ್ತೊಂದು. ಎರಡು ಪದ ಅಂಟಿಸಿ ಒಂದು ಮಾಡಿ, ಕೇಳಿದವರು ಏನಪ್ಪಾ ಇದು ಅಂತ ತಿರುಗಿ ನೋಡುವ ಹಾಗೆ ಮಾಡೋದು ಅವರ ಅಭ್ಯಾಸ.

ಅಂಗಡಿ ಇಟ್ಟವರಿಗೆ ಬೇಗ ಅರ್ಥ ಆಗುವ ನಾಟಕ 'ಬಂಡ್ವಾಳ್ವಿಲ್ಲದ ಬಡಾಯಿ'. ಗಲ್ಲಾಪೆಟ್ಟಿಗೆಯಲ್ಲಿ ಕಾಸಿಲ್ಲ, ಬಾಯಲ್ಲಿ ಮಾತ್ರ ಲಕ್ಷ ಅನ್ನುವ ಗಿರಾಕಿಗಳನ್ನು ಎಲ್ಲ ಅಂಗಡಿಯವರೂ ಕಂಡಿರುತ್ತಾರೆ. ಈ ನಾಟಕದ ಲಾಯರ್ ಅಹೋಬ್ಲು ಅಂಥ ಗಿರಾಕಿ. ಅವನ ಬಡಾಯಿ ಹೆಚ್ಚಾಗಿ ಓಡೋದು ಮನೆಯವರ ಮುಂದೆ. ಮನೆಯಲ್ಲಿ ದೊಡ್ಡ ಮನುಷ್ಯ ಅನ್ನಿಸಿಕೊಳ್ಳಬೇಕು ಅನ್ನೋ ಗಂಡನ ಆಸೆ ಒಂದು ಕಡೆ, ಅದರೊಳಗೆ ಏನೂ ಇಲ್ಲ ಅಂತ ಬಯಲಾಗೋದು ಇನ್ನೊಂದು ಕಡೆ. ನೋಡಿದವರೆಲ್ಲ ನಕ್ಕರು. ನಕ್ಕ ಗಂಡಸರಲ್ಲಿ ಎಷ್ಟೋ ಜನ ಮನೆಗೆ ಹೋಗುವಾಗ ಸ್ವಲ್ಪ ಮೆತ್ತಗಾಗಿದ್ದರೆ ಆಶ್ಚರ್ಯ ಇಲ್ಲ.

ಮದುವೆಯ ಹಿಂದಿನ ಕಾನೂನು

ಈ ನಗುವಿನ ಹಿಂದೆ ಎಂಥ ಕಾಲ ಇತ್ತು ಅಂತ ನೋಡಬೇಕು. ಮೈಸೂರು ಸಂಸ್ಥಾನ 1894ರಲ್ಲಿ ಬಾಲ್ಯವಿವಾಹ ತಡೆಯೋಕೆ ಕಾಯ್ದೆ ತಂದಿತು. ದೇಶಕ್ಕೇ ಮುಂಚೆ ತಂದ ಕಾಯ್ದೆ ಅಂತ ಅದಕ್ಕೆ ಹೊಗಳಿಕೆ. ಆದರೆ ಅದು ತಡೆದದ್ದು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನ, ಮತ್ತೆ ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಕಟ್ಟಿಕೊಳ್ಳೋದನ್ನ. ಅಂದರೆ ಒಂಬತ್ತು ವರ್ಷದ ಹುಡುಗಿಯ ಮದುವೆಗೆ ಅಡ್ಡಿ ಇರಲಿಲ್ಲ.

ಹೀಗೆ ಮದುವೆಯಾದ ಹುಡುಗ ಮುಂದೆ ಕಾಲೇಜಿಗೆ ಹೋಗಿ, ಬಿ.ಎ. ಮಾಡಿ, ಶೇಕ್ಸ್‌ಪಿಯರ್ ಓದಿ ಬರ್ತಿದ್ದ. ಹುಡುಗಿ ಅಷ್ಟರಲ್ಲಿ ಅಡುಗೆಮನೆಯಲ್ಲಿ ಬೆಳೆದು ದೊಡ್ಡವಳಾಗಿರುತ್ತಿದ್ದಳು. ಗಂಡನಿಗೆ ಹೆಂಡತಿ ಪೆದ್ದಿ ಅನ್ನಿಸೋದು, ಹೆಂಡತಿಗೆ ಗಂಡ ಕೆಲಸಕ್ಕೆ ಬಾರದ ಮಾತಿನಮಲ್ಲ ಅನ್ನಿಸೋದು. ಅತೃಪ್ತಿ ಹುಟ್ಟುತ್ತಿದ್ದದ್ದು ಇಲ್ಲಿ. ಗಂಡಸಿಗೆ ಬೇಸರ ಆದರೆ ದಾರಿ ಇತ್ತು. ಹಿಂದೂ ಗಂಡಸು ಒಬ್ಬಳು ಇರುವಾಗಲೇ ಇನ್ನೊಬ್ಬಳನ್ನು ಮದುವೆ ಆಗೋದನ್ನು ದೇಶದ ಉದ್ದಗಲಕ್ಕೂ ನಿಲ್ಲಿಸಿದ್ದು, ವಿಚ್ಛೇದನಕ್ಕೆ ಅವಕಾಶ ಕೊಟ್ಟಿದ್ದು 1955ರ ಹಿಂದೂ ವಿವಾಹ ಕಾಯ್ದೆ. ಕೈಲಾಸಂ ತೀರಿಹೋಗಿ ಒಂಬತ್ತು ವರ್ಷ ಆದ ಮೇಲೆ ಬಂದದ್ದು. ಹೆಂಗಸಿಗೆ ಬೇಸರ ಆದರೆ ದಾರಿ ಇರಲಿಲ್ಲ. ತವರುಮನೆ ಬಾಗಿಲು ತೆರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. 'ತಾಳಿ ಕಟ್ಟೋಕ್ಕೂಲೀನೇ' ಬರುವಾಗ ವರನಿಗೆ ರೇಟು ಕಟ್ಟುವುದು ಕಾನೂನಿನ ಪ್ರಕಾರ ತಪ್ಪೇ ಆಗಿರಲಿಲ್ಲ. ಇಂಗ್ಲಿಷ್ ಓದಿದಷ್ಟೂ ರೇಟು ಮೇಲೆ. ಓದು ಬಂದರೆ ಮನುಷ್ಯ ತಿದ್ದಿಕೊಳ್ಳುತ್ತಾನೆ ಅನ್ನೋ ನಂಬಿಕೆಯ ಕಾಲದಲ್ಲಿ, ಓದೇ ಬೆಲೆಪಟ್ಟಿ ಆಗಿಬಿಟ್ಟಿತ್ತು. ಕೂಲಿ ಅನ್ನೋ ಪದವನ್ನು ಕೈಲಾಸಂ ಆರಿಸಿಕೊಂಡದ್ದರಲ್ಲಿ ಇರುವ ಚುಚ್ಚು ಇದೇ. ದೊಡ್ಡ ಮನೆತನ, ದೊಡ್ಡ ಡಿಗ್ರಿ ಅಂತ ಮೆರೆಯುವ ಮದುಮಗ ಕೊನೆಗೆ ಮೂರು ಗಂಟು ಹಾಕಿ ಕೂಲಿ ಎಣಿಸಿಕೊಳ್ಳುವವನು. ಬೆವರು ಸುರಿಸಿ ಕೂಲಿ ಪಡೆಯುವವನಿಗೆ ಮರ್ಯಾದೆ ಇದೆ, ಇವನಿಗೆ ಅದೂ ಇಲ್ಲ.

ದಾರಿ ತಪ್ಪಿದವರು ಯಾರು

ಗಂಡ ಹೆಂಡಿರ ತಮಾಷೆ ನಾಟಕ ಅಂದರೆ ಹೊರದೇಶದಲ್ಲಿ ಒಂದು ಸಿದ್ಧ ಮಾದರಿ ಉಂಟು. ಗಂಡ ಮನೆಗೆ ಬರುವಾಗ ಹೆಂಡತಿಯ ಗೆಳೆಯ ಬೀರುವಿನೊಳಗೆ ಬಚ್ಚಿಟ್ಟುಕೊಳ್ಳೋದು, ಒಂದು ಬಾಗಿಲಲ್ಲಿ ಒಬ್ಬರು ಒಳಗೆ, ಇನ್ನೊಂದರಲ್ಲಿ ಒಬ್ಬರು ಹೊರಗೆ. ಕೈಲಾಸಂ ಹೆಸರು ಮಾಡಿದ್ದು ಅಂಥ ಬಾಗಿಲಾಟದಿಂದ ಅಲ್ಲ. ದ್ರೋಹ ಅನ್ನೋದನ್ನು ಅವರು ಬೇರೆ ಕಡೆ ಹುಡುಕಿದರು. ಮೇಲ್ಜಾತಿಯ, ಮಡಿವಂತ, ಮರ್ಯಾದಸ್ಥ ಮನೆಗಳಲ್ಲಿ.

ಮೈಸೂರು ಸಂಸ್ಥಾನ 1909–10ರ ಹೊತ್ತಿಗೆ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. ದೇವಸ್ಥಾನ ಶುದ್ಧ ಆಯಿತು ಅಂತ ಊರ ದೊಡ್ಡವರು ಸಮಾಧಾನಪಟ್ಟರು. ಆ ಹೆಂಗಸರು ಆಮೇಲೆ ಎಲ್ಲಿ ಹೋದರು, ಅವರ ಮನೆಗೆ ಯಾರು ಹೋಗ್ತಿದ್ದರು ಅಂತ ಕೇಳುವವರು ಕಡಿಮೆ. ಕೈಲಾಸಂ ಬರೆದ ಒಂದು ನಾಟಕದ ಹೆಸರು 'ಸೂಳೆ'. ಸಭ್ಯರು ಬಾಯಲ್ಲಿ ಆಡದ ಪದವನ್ನು ನೋಟೀಸಿನ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕಿದರು. ಇಲ್ಲಿ ನಗು ಕಡಿಮೆ, ಸಂಕಟ ಜಾಸ್ತಿ. ಅವಳನ್ನು ಆ ಹೆಸರಿನಿಂದ ಕರೆಯುವ ಹಕ್ಕು ಯಾರಿಗಿದೆ ಅನ್ನುವ ಕಡೆಗೆ ನೋಡುವವರ ಗಮನ ತಿರುಗುತ್ತೆ. ದಾರಿ ತಪ್ಪಿದ ಹೆಂಗಸಿಗೆ ನೂರು ಹೆಸರು ಉಂಟು, ಅದೇ ದಾರಿಯಲ್ಲಿ ನಡೆದ ಗಂಡಸಿಗೆ ಒಂದು ಹೆಸರೂ ಇಲ್ಲ. ಅಂದಿಗೂ ಅಷ್ಟೆ, ಇವತ್ತಿಗೂ ಹೆಚ್ಚು ಬದಲಾಗಿಲ್ಲ.

ಒಂದು ವಿಚಿತ್ರವನ್ನೂ ಹೇಳಬೇಕು. ಹೆಂಗಸರ ಕಷ್ಟದ ಈ ನಾಟಕಗಳಲ್ಲಿ ಹೆಂಗಸರ ಪಾತ್ರ ಮಾಡ್ತಿದ್ದವರು ಹೆಚ್ಚಾಗಿ ಗಂಡಸರೇ. ಮೀಸೆ ಬೋಳಿಸಿ, ಸೀರೆ ಉಟ್ಟು ಬರ್ತಿದ್ದರು. ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳು ರಂಗದ ಮೇಲೆ ಬರೋದು ಹವ್ಯಾಸಿ ತಂಡಗಳಲ್ಲಿ ಆಗ ತೀರಾ ಅಪರೂಪ. ಹೆಂಡತಿಯ ಗೋಳನ್ನು ಗಂಡಸೇ ಬರೆದು, ಗಂಡಸೇ ಆಡಿ, ಮುಂದಿನ ಸಾಲಿನಲ್ಲಿ ಗಂಡಸೇ ಕೂತು ನೋಡುವ ಪರಿಸ್ಥಿತಿ. ಹಾಗಿದ್ದೂ ಕೈಲಾಸಂ ಬರೆದ ಹೆಂಡಂದಿರಿಗೆ ಬಾಯಿ ಇತ್ತು, ಬುದ್ಧಿ ಇತ್ತು. ಗಂಡನ ಜಂಬದ ಬಲೂನಿಗೆ ಸೂಜಿ ಚುಚ್ಚುವ ಕೆಲಸ ಎಷ್ಟೋ ಸಲ ಅವರದ್ದೇ.

ಬೆರಕೆ ಕನ್ನಡದ ಧೈರ್ಯ

ಕೈಲಾಸಂ ಮೇಲೆ ಆಗಿನ ಪಂಡಿತರಿಗೆ ಇದ್ದ ದೊಡ್ಡ ತಕರಾರು ಭಾಷೆಯದ್ದು. ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ಇಂಗ್ಲಿಷ್ ಪದಕ್ಕೆ ಕನ್ನಡದ ಬಾಲ, ಕನ್ನಡ ಪದಕ್ಕೆ ಇಂಗ್ಲಿಷ್ ಟೋಪಿ. ಬರೆಯುವ ಕನ್ನಡ ಬೇರೆ, ಆಡುವ ಕನ್ನಡ ಬೇರೆ ಅಂತ ಗೆರೆ ಎಳೆದಿದ್ದ ಕಾಲದಲ್ಲಿ ಇದು ಕೆಲವರಿಗೆ ಸಹಿಸೋಕೆ ಆಗಲಿಲ್ಲ. ಆದರೆ ಬೆಂಗಳೂರು, ಮೈಸೂರಿನ ಓದಿದ ಮನೆಗಳಲ್ಲಿ ಜನ ಆಡ್ತಿದ್ದದ್ದೇ ಹಾಗೆ. ಕೈಲಾಸಂ ಅದನ್ನು ಹುಟ್ಟಿಸಲಿಲ್ಲ, ಕೇಳಿಸಿಕೊಂಡರು.

ಪೀಣ್ಯದಲ್ಲಿ ಇವತ್ತು ಒಂದು ಟೀ ಅಂಗಡಿ ಮುಂದೆ ನಿಂತರೆ ಕನ್ನಡದ ಜೊತೆ ತಮಿಳು, ತೆಲುಗು, ಹಿಂದಿ, ಉತ್ತರ ಕರ್ನಾಟಕದ ಮಾತು ಎಲ್ಲ ಕೇಳುತ್ತೆ. ಶಿಫ್ಟು, ಓಟಿ, ಸೂಪರ್‌ವೈಸರ್, ಡಿಸ್‌ಪ್ಯಾಚ್ ಇಲ್ಲದೆ ಒಂದು ವಾಕ್ಯ ಮುಗಿಯಲ್ಲ. ಇದು ಕನ್ನಡವೇ ಅಲ್ಲ ಅಂತ ಮೂಗು ಮುರಿಯುವವರೂ ಉಂಟು. ತಮಿಳು ಮನೆಮಾತಿನ ಒಬ್ಬರು ನೂರು ವರ್ಷದ ಹಿಂದೆ ಇಂಥ ಬೆರಕೆ ಮಾತನ್ನೇ ಹಿಡಿದು ಕನ್ನಡದ ಹೊಸ ನಾಟಕ ಕಟ್ಟಿದರು ಅನ್ನೋದು ನೆನಪಿರಬೇಕು. ಭಾಷೆ ಬೆಳೆಯೋದು ಬಾಯಲ್ಲಿ.

ಪದಗಳ ಜೊತೆ ಆಟ ಆಡುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. 'ಕೋಳೀಕೆ ರಂಗ' ಹಾಡು ಕೇಳದ ಹಳಬರು ಕಡಿಮೆ. ಅದರ ಮಟ್ಟು ಕಾನ್‌ಸ್ಟಾಂಟಿನೋಪಲ್ ಅನ್ನೋ ಇಂಗ್ಲಿಷ್ ತಮಾಷೆ ಹಾಡಿನದು. ಲಂಡನ್ನಿನ ಧಾಟಿಗೆ ನಮ್ಮ ಹಳ್ಳಿ ಹೈದನನ್ನು ಕೂರಿಸಿದ್ದು ಕೈಲಾಸಂ ಕೈಚಳಕ.

ಮನೆ ಬಿಟ್ಟ ಮನೆ ನಾಟಕಕಾರ

ಊರಿನ ಸಂಸಾರಗಳ ಬಗ್ಗೆ ಅಷ್ಟು ಬರೆದವರ ಸ್ವಂತ ಸಂಸಾರ ನೆಟ್ಟಗೆ ಇರಲಿಲ್ಲ. ಜಡ್ಜ್ ಮನೆತನದ ದೊಡ್ಡ ಬಂಗಲೆ ಇತ್ತು, ಹೆಸರು ವೈಟ್ ಹೌಸ್. ಆದರೆ ಕೈಲಾಸಂ ಬಹಳ ಕಾಲ ಕಳೆದದ್ದು ನೂಕ್ ಅಂತ ತಾವೇ ಹೆಸರಿಟ್ಟ ಒಂದು ಮೂಲೆಯಲ್ಲಿ. ಧೂಳು, ಬೀಡಿ ಸಿಗರೇಟಿನ ಹೊಗೆ, ಚೆಲ್ಲಾಪಿಲ್ಲಿ ಸಾಮಾನು. ಅಲ್ಲೇ ಗೆಳೆಯರ ಗುಂಪು, ಅಲ್ಲೇ ನಾಟಕ. ಕುಡಿತ ಹಿಡಿಯಿತು, ಬಿಡಲಿಲ್ಲ. ಗಳಿಸುವ ಕೆಲಸ ಬಿಟ್ಟಾಗಿತ್ತು, ನಾಟಕ ಹೊಟ್ಟೆ ತುಂಬಿಸುವ ಕಸುಬಲ್ಲ. ಕಲಾವಿದ ಹಾಗೇ ಇರ್ತಾನೆ ಬಿಡಿ ಅಂತ ಗೆಳೆಯರು ಹೇಳಬಹುದು. ಮನೆಯೊಳಗೆ ಇದ್ದವರಿಗೆ ಅದು ಅಷ್ಟು ಸುಲಭದ ಮಾತಲ್ಲ. ಗಂಡಂದಿರ ಹೊಣೆಗೇಡಿತನವನ್ನು ರಂಗದ ಮೇಲೆ ಬಯಲು ಮಾಡಿದವರ ಮನೆಯಲ್ಲೂ ಆ ಭಾರ ಹೊತ್ತವರು ಇದ್ದರು. ಕೈಲಾಸಂ ದೊಡ್ಡವರು ಅಂತ ಒಪ್ಪುವಾಗ ಇದನ್ನೂ ಒಪ್ಪಬೇಕು.

ಅವರು ಕೂತು ಬರೆಯುವ ಜಾತಿಯವರಲ್ಲ. ನಾಟಕ ತಲೆಯಲ್ಲಿ ಇರ್ತಿತ್ತು. ಗೆಳೆಯರ ಮುಂದೆ ಎಲ್ಲ ಪಾತ್ರಗಳನ್ನೂ ತಾವೇ ಆಡಿ ತೋರಿಸ್ತಿದ್ದರು. ಗಂಡನ ಗತ್ತು, ಹೆಂಡತಿಯ ಮೊನಚು, ಅಜ್ಜಿಯ ಗೊಣಗು ಎಲ್ಲ ಒಬ್ಬರ ಗಂಟಲಲ್ಲೇ. ಅವರು ಹೇಳುತ್ತಾ ಹೋದರೆ ಹತ್ತಿರ ಇದ್ದವರು ಬರೆದುಕೊಳ್ಳಬೇಕು. ಬರೆದುಕೊಂಡವರಿಂದ ಎಷ್ಟೋ ಉಳಿಯಿತು. ಬರೆದುಕೊಳ್ಳದೇ ಗಾಳಿಯಲ್ಲಿ ಹೋದದ್ದೂ ಉಂಟು.

ಕನ್ನಡದಲ್ಲಿ ನಗಿಸಿದವರು ಇಂಗ್ಲಿಷಿನಲ್ಲಿ ಬೇರೆಯೇ ಮನುಷ್ಯ. ಮಹಾಭಾರತದ ಏಕಲವ್ಯ, ಕರ್ಣ, ಕೀಚಕ ಅವರ ಇಂಗ್ಲಿಷ್ ನಾಟಕಗಳ ನಾಯಕರು. ಮೂವರೂ ಸೋತವರು, ಅವಮಾನ ತಿಂದವರು, ಹೊರಗೆ ನಿಂತವರು. ಗೆದ್ದವರ ಪಕ್ಕ ನಿಲ್ಲೋದು ಕೈಲಾಸಂಗೆ ಆಗುತ್ತಿರಲಿಲ್ಲ. 'ಪೋಲಿ ಕಿಟ್ಟಿ'ಯ ಕಿಟ್ಟಿಯೂ ಅಷ್ಟೇ, ಊರು ಪೋಲಿ ಅಂದ ಹುಡುಗನೊಳಗೆ ಇರುವ ಒಳ್ಳೆ ಮನುಷ್ಯನನ್ನು ತೋರಿಸುವ ನಾಟಕ. ಮಾಧು, ಕಿಟ್ಟಿ, ಏಕಲವ್ಯ, ಕರ್ಣ ಎಲ್ಲರೂ ಒಂದೇ ಸಾಲಿನವರು. ಆ ಸಾಲಿನ ಕೊನೆಯಲ್ಲಿ ಕೈಲಾಸಂ ತಾವೂ ನಿಂತಿದ್ದರು ಅಂದರೆ ತಪ್ಪಾಗಲ್ಲ.

ಬೆರಕೆ ಮಾತಿನವರು ಅಂತ ಮೂದಲಿಸಿಕೊಂಡವರನ್ನು ಕನ್ನಡ ನಾಡು ಕೊನೆಗೆ ಕರೆದು ಕೂರಿಸಿತು. 1945ರಲ್ಲಿ ಮದ್ರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕೈಲಾಸಂ ಅಧ್ಯಕ್ಷರು. ವಿದ್ಯಾರ್ಥಿಯಾಗಿ ಕಲ್ಲಿನ ಪಾಠ ಓದಿದ ಊರಿಗೇ ಕನ್ನಡದ ಅಧ್ಯಕ್ಷರಾಗಿ ಹೋದರು. ಮುಂದಿನ ವರ್ಷವೇ, 1946ರ ನವೆಂಬರ್‌ನಲ್ಲಿ ತೀರಿಕೊಂಡರು. ವಯಸ್ಸು 62. ಪ್ರಹಸನ ಪಿತಾಮಹ ಅನ್ನೋ ಬಿರುದು ಹೆಸರಿನ ಜೊತೆ ಉಳಿಯಿತು.

ಇವತ್ತಿಗೂ ಬೇಕಾದ ನಾಟಕ

ಕೈಲಾಸಂ ಆದ ಮೇಲೆ ಪರ್ವತವಾಣಿ, ಶ್ರೀರಂಗ ಅಂಥವರು ಮನೆಯ, ಬೀದಿಯ, ಆಫೀಸಿನ ನಾಟಕಗಳನ್ನು ಬರೆದರು. ಕೈಲಾಸಂ ದಾರಿ ಮಾಡಿಕೊಟ್ಟಿದ್ದರಿಂದ ಅವರ ನಡಿಗೆ ಸಲೀಸಾಯಿತು. ನಟ ಸಿ.ಆರ್. ಸಿಂಹ 'ಟಿಪಿಕಲ್ ಟಿ.ಪಿ. ಕೈಲಾಸಂ' ಅಂತ ಒಬ್ಬರೇ ರಂಗದ ಮೇಲೆ ನಿಂತು ಕೈಲಾಸಂ ಆಗಿಬಿಡುತ್ತಿದ್ದರು. ಕೈಲಾಸಂನ ಕಣ್ಣಾರೆ ಕಾಣದ ತಲೆಮಾರಿಗೆ ಅವರನ್ನು ತೋರಿಸಿದ್ದು ಆ ಪ್ರಯೋಗ.

ಕೊರತೆ ಇಲ್ಲ ಅಂತಲ್ಲ. ಅವರ ನಾಟಕದ ಮನೆಗಳು ಹೆಚ್ಚಾಗಿ ಹಳೇ ಮೈಸೂರಿನ ಬ್ರಾಹ್ಮಣರ ಮನೆಗಳು. ಹೊಲದಲ್ಲಿ, ಗಿರಣಿಯಲ್ಲಿ ದುಡಿಯುವವರ ಸಂಸಾರ ಅಲ್ಲಿ ಅಷ್ಟಾಗಿ ಸಿಗಲ್ಲ. ಆಗಿನ ಇಂಗ್ಲಿಷ್ ಚೇಷ್ಟೆ ಕೆಲವು ಇವತ್ತಿನ ಹುಡುಗರಿಗೆ ತಕ್ಷಣ ಹತ್ತಲ್ಲ. ಆದರೆ ಅವರು ಕೇಳಿದ ಪ್ರಶ್ನೆಗಳಿಗೆ ಜಾತಿಯ, ಕಾಲದ ಗಡಿ ಇಲ್ಲ. ರಾಜಗೋಪಾಲನಗರದ, ಹೆಗ್ಗನಹಳ್ಳಿಯ, ಲಗ್ಗೆರೆಯ ಚೌಟ್ರಿಗಳ ಮುಂದೆ ಸೀಸನ್ ಬಂದರೆ ಲೈಟಿನ ಸರ ಇಳಿಬಿಡ್ತಾರೆ. ಒಳಗೆ ಎಷ್ಟು ಮದುವೆಗಳಲ್ಲಿ ಸಾಲ ತೀರಿಸುವ ಲೆಕ್ಕ ಆಗಲೇ ಶುರುವಾಗಿರುತ್ತೆ ಅನ್ನೋದು ಒಡವೆ ಅಂಗಡಿಯವರಿಗೂ ಚೀಟಿ ನಡೆಸುವವರಿಗೂ ಗೊತ್ತು. ಉಡುಗೊರೆ ಅಂತ ಹೆಸರು ಬದಲಾಗಿದೆ. ಕಾರು, ಸೈಟು ಅಂತ ರೂಪ ಬದಲಾಗಿದೆ. ಕೂಲಿ ಮಾತ್ರ ಕೂಲಿಯೇ.

ಒಂದು ಬದಲಾವಣೆ ಮಾತ್ರ ದೊಡ್ಡದು. ಕೈಲಾಸಂ ಕಾಲದ ಹೆಂಡತಿಗೆ ದುಡಿಮೆಯ ಕಾಸು ಕೈಯಲ್ಲಿ ಇರಲಿಲ್ಲ. ಪೀಣ್ಯದ ಬೆಳಗಿನ ಶಿಫ್ಟಿಗೆ ಬುತ್ತಿ ಹಿಡಿದು ಹೊರಡುವ ಸಾವಿರಾರು ಹೆಣ್ಣುಮಕ್ಕಳಿಗೆ ಇವತ್ತು ಅದಿದೆ. ಮನೆಯೊಳಗಿನ ಹೋಂರೂಲ್ ಯಾರದ್ದು ಅನ್ನೋ ಪ್ರಶ್ನೆಗೆ ಉತ್ತರ ಅಲ್ಲಿಂದ ಬದಲಾಗುತ್ತಿದೆ, ಪೂರ್ತಿ ಆಗಿಲ್ಲ.

ಕೈಲಾಸಂ ನಾಟಕಗಳು ಒಂದೊಂದೂ ಹೆಚ್ಚು ಹೊತ್ತಿನವಲ್ಲ, ಸಾಮಾನೂ ಬೇಡ. ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಕರೆಸುವ ಸಂಘಗಳು ಒಂದು ವರ್ಷ ನಾಲ್ಕು ಕುರ್ಚಿ ಹಾಕಿ 'ಬಂಡ್ವಾಳ್ವಿಲ್ಲದ ಬಡಾಯಿ' ಆಡಿಸಿದರೆ ಖರ್ಚೂ ಕಮ್ಮಿ, ನಗುವೂ ಗ್ಯಾರಂಟಿ. ನೋಡೋಕೆ ಇಷ್ಟ ಇರುವವರಿಗೆ ದಾರಿಯೂ ದೂರ ಇಲ್ಲ. ಪೀಣ್ಯದಲ್ಲಿ ಹಸಿರು ಲೈನ್ ಮೆಟ್ರೊ ಹತ್ತಿದರೆ ರೈಲು ಬದಲಿಸದೇ ಕೆ.ಆರ್. ಮಾರ್ಕೆಟ್. ಅಲ್ಲಿಂದ ಜೆ.ಸಿ. ರಸ್ತೆ ಹತ್ತಿರ. ಎ.ಡಿ.ಎ. ರಂಗಮಂದಿರ, ರವೀಂದ್ರ ಕಲಾಕ್ಷೇತ್ರ ಎರಡೂ ಅದೇ ರಸ್ತೆಯಲ್ಲಿ. ಕೈಲಾಸಂ ಹೆಸರು ನೋಟೀಸ್ ಬೋರ್ಡಿನ ಮೇಲೆ ಕಂಡರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೋಗಿ ಬನ್ನಿ. ಯಾರು ಯಾರನ್ನು ನೋಡಿ ಜಾಸ್ತಿ ನಕ್ಕರು ಅಂತ ಮನೆಗೆ ಬರುವ ದಾರಿಯಲ್ಲಿ ಲೆಕ್ಕ ಹಾಕಬಹುದು.